ನಾಲ್ಕನೆಯ ಕಾರ್ಡಿನ ವಿಭೂತಿ

ಆಯುಧಪೂಜೆಯ ದಿನ ನಮ್ಮ ಯಜಮಾನರು ಕಂಪ್ಯೂಟರ್ ಬಿಚ್ಚಿ, ಅದರ ನಾಲ್ಕೂ ಗ್ರಾಫಿಕ್ಸ್ ಕಾರ್ಡುಗಳನ್ನು ಮಣೆಯ ಮೇಲೆ ಸಾಲಾಗಿ ಇಟ್ಟರು. ಲಷ್ಕರ್ ಮೊಹಲ್ಲಾದಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಇನ್ನೂ ಕಟ್ಟದ ಮನೆಯೊಳಗೆ ನಡೆದಾಡಿದಂತೆ ಕಾಣುವ ವಿಡಿಯೊ ಮಾಡುವುದು ಅವರ ಕೆಲಸ, ಗಿರಾಕಿಗಳ ಜೊತೆ ಮಾತು ನನ್ನದು. ಚಿತ್ರ ಮೂಡಿಸುವ ಭಾರವೆಲ್ಲ ಆ ಕಾರ್ಡುಗಳದ್ದು. ವಿಭೂತಿ ಗಟ್ಟಿ ತೇಯ್ದು ಒಂದೊಂದರ ಬೆನ್ನಿಗೂ ಮೂರು ಬೆರಳು ಎಳೆದರು.

“ಅದಕ್ಕೂ ಹಣೆ ಇದೆಯೇನ್ರೀ?” ಅಂದೆ.

“ನಿನ್ನಷ್ಟು ಅಗಲ ಇಲ್ಲ ಕಣೇ. ಆ ಹೂವು ಕೊಡು ಈ ಕಡೆ.”

ಕಾರ್ಡುಗಳನ್ನು ಮತ್ತೆ ಕೂರಿಸಿ ಮಂಗಳಾರತಿ ಮಾಡಿದರು. ಸ್ವಿಚ್ ಹಾಕಲಿಲ್ಲ. ಪೂಜೆಗಿಟ್ಟ ಆಯುಧವನ್ನು ವಿಜಯದಶಮಿಯವರೆಗೆ ನಾವು ಮುಟ್ಟುವುದಿಲ್ಲ. “ಹಿನಕಲ್‌ನೋರ ಮನೆ ಫೈಲು ರೆಡಿ ಇದೆ, ನಾಳೆ ಓಡಿಸಿ ವಿಡಿಯೊ ತೆಗೆದ್ಬುಡ್ತೀನಿ” ಅಂದರು.

ಮರುದಿನ ಬೆಳಿಗ್ಗೆ ಪೂಜೆಗೆ ಕೂತವರು ಅಲ್ಲೇ ಗೋಡೆಗೆ ಒರಗಿದರು. ನೋವು ಅಂತಲೂ ಹೇಳಲಿಲ್ಲ, ಮತ್ತೆ ಏಳಲೂ ಇಲ್ಲ.

ಕಾರ್ಯಗಳೆಲ್ಲ ಮುಗಿದ ಮೇಲೆ ಹಿನಕಲ್‌ನವರು ಫೋನ್ ಮಾಡಿದರು. ಗುದ್ದಲಿ ಪೂಜೆಗೆ ದಿನ ನೋಡಿದ್ದರು. ಅಂದು ನೆಂಟರಿಗೆ ಮನೆ ತೋರಿಸಬೇಕಿತ್ತು. “ಬೇರೆ ಕಡೆ ಮಾಡಿಸ್ಕೋತೀವಿ ಬಿಡಿ ಅಮ್ಮ” ಅಂದರು. ಬೇಡ, ನಾನೇ ಕೊಡುತ್ತೇನೆ ಅಂದೆ. ನಮ್ಮ ಯಜಮಾನರು ವಿಡಿಯೊದ ಕ್ಯಾಮೆರಾವನ್ನು ಯಾವಾಗಲೂ ತಮ್ಮ ಕಣ್ಣಿನ ಎತ್ತರಕ್ಕೇ ಇಡುತ್ತಿದ್ದರು. ಬಾಗಿಲ ಬಳಿ ಒಂದು ಗಳಿಗೆ ನಿಂತು ಒಳಗೆ ಹೋಗುವುದೂ ಅವರದೇ ಅಭ್ಯಾಸ. ಆ ನಡಿಗೆಯನ್ನು ಇನ್ನೊಮ್ಮೆ ನೋಡಬೇಕಿತ್ತು.

ಸ್ವಿಚ್ ಹಾಕಿದೆ. ಪರದೆಯ ಮೇಲೆ ಮೂರೇ ಕಾರ್ಡು. ಒಳಗೆ ನೋಡಿದರೆ ನಾಲ್ಕರ ಫ್ಯಾನುಗಳೂ ತಿರುಗುತ್ತಿದ್ದವು. ಮನೆಯಲ್ಲೂ ನನಗೆ ಹಾಗೇ ಆಗುತ್ತಿತ್ತು. ಬಚ್ಚಲಲ್ಲಿ ತಂಬಿಗೆಯ ಸದ್ದು ಕೇಳುತ್ತಿತ್ತು, ಹೋಗಿ ನೋಡಿದರೆ ನೆಲ ಒಣಗಿರುತ್ತಿತ್ತು.

ಮೂರರಲ್ಲಿ ಓಡಿಸಿದರೆ ಹೇಳಿದ ದಿನಕ್ಕೆ ಮುಗಿಯುತ್ತಿರಲಿಲ್ಲ. ದೇವರಾಜ ಮೊಹಲ್ಲಾದಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಯಜಮಾನರ ಗೆಳೆಯರೊಬ್ಬರಿಗೆ ಫೋನ್ ಮಾಡಿದೆ.

“ಅಕ್ಕಾ, ಪ್ರತಿ ಸಲ ಆಫ್ ಮಾಡಿ, ಒಂದೊಂದೇ ಕಾರ್ಡು ತೆಗೆದು ನೋಡಿ. ಯಾವುದನ್ನ ತೆಗೆದ್ರೂ ಮೂರೇ ತೋರಿಸುತ್ತೋ, ಕಾಣದೇ ಇರೋದು ಅದೇ.”

ಉಳಿದವುಗಳಲ್ಲಿ ಯಾವುದನ್ನು ತೆಗೆದರೂ ಎರಡಾಯಿತು. ಕೊನೆಯದನ್ನು ತೆಗೆದಾಗ ಮಾತ್ರ ಮೂರೇ ಇತ್ತು. ಸ್ಲಾಟಿನಲ್ಲಿ ಕೂರುವ ಅದರ ಅಂಚನ್ನು ಬೆಳಕಿಗೆ ಹಿಡಿದೆ. ಚಿನ್ನದ ಬಣ್ಣದ ಹಲ್ಲುಗಳ ಮೇಲೆ ಒಣಗಿದ ವಿಭೂತಿ, ಅದರಲ್ಲಿ ಹೆಬ್ಬೆಟ್ಟಿನ ಸುಳಿ. ಕೂರಿಸುವಾಗ ಒದ್ದೆ ಬೆರಳಲ್ಲಿ ಅಲ್ಲೇ ಹಿಡಿದುಬಿಟ್ಟಿದ್ದರು. ಅಂದೇ ಸ್ವಿಚ್ ಹಾಕಿದ್ದರೆ ಅವರಿಗೇ ಗೊತ್ತಾಗುತ್ತಿತ್ತು.

“ಹಲ್ಲು ಕೊಳೆ ಆಗಿದ್ರೆ ಪೆನ್ಸಿಲ್ ಅಳಿಸೋ ರಬ್ಬರ್ ತಗೊಂಡು ಉಜ್ಜಿ ಅಕ್ಕಾ, ಬಂದ್ಬುಡುತ್ತೆ” ಅಂದರು ಗೆಳೆಯರು.

ಉಜ್ಜಲಿಲ್ಲ. ಬೇರೆ ಸ್ಲಾಟಿಗೆ ಹಾಕಿ ನೋಡಿದೆ. ಪವರ್ ವೈರು ಬದಲಿಸಿದೆ. ಮತ್ತೆ ಮತ್ತೆ ಆಫ್ ಮಾಡಿ ಆನ್ ಮಾಡಿದೆ. ಮೂರೇ. ಗುದ್ದಲಿ ಪೂಜೆ ಹತ್ತಿರ ಬರುತ್ತಿತ್ತು.

“ಏನಾಯ್ತಕ್ಕಾ? ಉಜ್ಜಿದ್ರಾ?” ಅಂತ ಸಂಜೆ ಗೆಳೆಯರೇ ಫೋನ್ ಮಾಡಿ ಕೇಳಿದರು.

“ಅವರ ಬೆರಳಿದೆ ಅದರ ಮೇಲೆ” ಅಂದೆ.

“ಕೆಲಸ ನಿಂತಿದ್ರೆ ಅವನು ಬೈತಿದ್ದ ಅಕ್ಕಾ” ಅಂದರು.

ಅದು ನಿಜ. ಎದುರಿನ ಅಂಗಡಿಯಿಂದ ರಬ್ಬರ್ ತಂದು ಉಜ್ಜಿದೆ. ಬಿಳಿ ಪುಡಿ ಉದುರಿತು, ಹಲ್ಲುಗಳು ಹೊಳೆದವು. ನಾಲ್ಕೂ ಕಾಣಿಸಿಕೊಂಡವು.

ವಿಡಿಯೊ ಹಿನಕಲ್‌ಗೆ ಸಮಯಕ್ಕೆ ಮುಟ್ಟಿತು. ಬಾಗಿಲ ಬಳಿ ಅದು ಒಂದು ಗಳಿಗೆ ನಿಲ್ಲುತ್ತದೆ. ಕಾರ್ಡುಗಳ ಬೆನ್ನ ಮೇಲಿನ ಗೆರೆಗಳು ಬಿಸಿಗೆ ಸಿಪ್ಪೆಯೆದ್ದು ಉದುರುತ್ತಿವೆ. ಹೆಬ್ಬೆಟ್ಟಿನ ಗುರುತು ಇಲ್ಲ.