ಅಮ್ಮನ ಕೈಯಲ್ಲಿ ಸೌಟು

ಮುಂಚೆ ತಿಳಿಸದೆ ನೋಡಲು ಹೋದ ನನಗೆ ಬಾಗಿಲಲ್ಲೇ ಕಂಡದ್ದು, ಎಪ್ಪತ್ತೊಂಬತ್ತರ ನನ್ನಮ್ಮ ಸೌಟು ಹಿಡಿದು ಸಾಲಾಗಿ ಕೂತವರಿಗೆ ಸಾರು ಬಡಿಸುತ್ತಿದ್ದುದು. ಕುಂದಲಹಳ್ಳಿಯ ಗೌರಕ್ಕ ತಮ್ಮ ಮನೆಯಲ್ಲೇ ಏಳು ಮಂದಿ ಹಿರಿಯರನ್ನು ನೋಡಿಕೊಳ್ಳುತ್ತಾರೆಂದು ಅಮ್ಮನನ್ನು ಅಲ್ಲಿ ಬಿಟ್ಟಿದ್ದೆ. ನನಗೆ ಮೈಯೆಲ್ಲ ಉರಿಯಿತು. "ಕೆಲಸ ಮಾಡಿಸೋಕಾ ಇಲ್ಲಿ ಬಿಟ್ಟಿದ್ದು?" ಎಂದು ರೇಗಿದೆ.

"ಮೊದ್ಲೇ ಬಡಿಸಿದ್ರೆ ಅಮ್ಮ ಮುಟ್ಟಲ್ಲ ಮೇಡಂ. ಎಲ್ರೂ ಉಂಡ್ಮೇಲೆ ಉಣ್ಣೋ ಜೀವ ಅದು. ಸ್ವಲ್ಪ ತಡೀರಿ," ಎಂದರು ಗೌರಕ್ಕ.

ಎಲ್ಲರ ಊಟ ಮುಗಿದ ಮೇಲೆ ಅಮ್ಮ ಗೌರಕ್ಕನ ಪಕ್ಕ ಕೂತು ಒಂದಿಡೀ ಮುದ್ದೆ ಉಂಡಳು. ನಮ್ಮ ಮನೆಯಲ್ಲಿ, ಆಫೀಸಿಗೆ ಹೊರಡುವ ಅವಸರದಲ್ಲಿ ನಾನು ಎಲ್ಲರಿಗಿಂತ ಮೊದಲು ಅವಳಿಗೆ ತಟ್ಟೆ ಇಟ್ಟರೆ, ಎರಡು ತುತ್ತಿಗೇ ಸಾಕೆನ್ನುತ್ತಿದ್ದಳು.

ಗೌರಕ್ಕನ ಕೈ ಹಿಡಿದು ಕ್ಷಮೆ ಕೇಳಿದೆ. ಅಮ್ಮನಿಗೆಂದು ಒಯ್ದಿದ್ದ ಹಸಿವಿನ ಟಾನಿಕ್ಕನ್ನು ಬ್ಯಾಗಿನಿಂದ ತೆಗೆಯಲೇ ಇಲ್ಲ.