ಮೊದಲಂದ್ರ ಯಾವಾಗ್ರೀ?

ವಿಶಾಖಪಟ್ಟಣದ ನಮ್ಮ ಬ್ಯಾಂಕಿಗೆ ಗುಲ್ಬರ್ಗಾದಿಂದ ವರ್ಗವಾಗಿ ಬಂದಿದ್ದ ಆ ಆಫೀಸರ ಮುಂದೆ ‘ಮೊದಲಿನಿಂದಲೂ ಹೀಗೇ’ ಎನ್ನುವಂತಿರಲಿಲ್ಲ. ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿ, “ಮೊದಲಂದ್ರ ಯಾವಾಗ್ರೀ?” ಎಂದು ಗದರುತ್ತಿದ್ದರು. ಮ್ಯಾನೇಜರರನ್ನೂ ಬಿಟ್ಟವರಲ್ಲ.

ಒಮ್ಮೆ ಸಂಕ್ರಾಂತಿಯ ಮರುದಿನ ನಾವಿಬ್ಬರೂ ಅನಕಾಪಲ್ಲಿ ಹತ್ತಿರದ ಬೌದ್ಧ ಗುಡ್ಡಕ್ಕೆ ಹೋದೆವು. ಅವರದು ಅಪ್ಪನ ಕಾಲದಿಂದ ಬುದ್ಧನಿಗೆ ನಡೆದುಕೊಳ್ಳುವ ಮನೆತನ. ಬೂಟು ಕೆಳಗೇ ಬಿಟ್ಟು ಹತ್ತಿದರು. ಮೇಲೆ ಹಬ್ಬದ ಬಟ್ಟೆ ತೊಟ್ಟ ಜನ ನಗುನಗುತ್ತಾ ಹಳೆಯ ಸ್ತೂಪದ ದಿಬ್ಬಕ್ಕೆ ಕಲ್ಲು ಹೊಡೆಯುತ್ತಿದ್ದರು. ಅದು ರಾಕ್ಷಸನ ಹೊಟ್ಟೆ ಎಂದು ಅವರ ನಂಬಿಕೆ! ಅಜ್ಜಿಯೊಬ್ಬಳು ಇವರ ಕೈಗೂ ಒಂದು ಕಲ್ಲು ಕೊಟ್ಟು, “ಹೊಡಿ ಬಾಬೂ” ಎಂದು ತೆಲುಗಿನಲ್ಲಿ ಹುರಿದುಂಬಿಸಿದಳು.

ಇವರು ಕನ್ನಡದಲ್ಲೇ ಕಿರುಚಿದರು: “ಇಲ್ಲಿನ ಭಿಕ್ಷುಗಳು ಹಡಗ ಹತ್ತಿ ಒಯ್ದ ಬುದ್ಧಗ ಸಮುದ್ರದ ಆಚೀ ಮಂದಿ ಹೂವು ಏರಸ್ತಾರ. ನೀವು ಕಲ್ಲ ಒಗೀತೀರಿ!”

ಯಾರಿಗೂ ಅರ್ಥವಾಗಲಿಲ್ಲ. ಇವರು ಆ ಕಲ್ಲನ್ನು ಮುಷ್ಟಿಯಲ್ಲೇ ಹಿಡಿದು ದಡದಡನೆ ಇಳಿದರು.

“ಬಿಡಿ ಸರ್, ಮೊದಲಿನಿಂದಲೂ ಹೀಗೇ ಅಂತೆ,” ಎಂದುಬಿಟ್ಟೆ.

ಬೂಟು ಹಾಕುತ್ತಿದ್ದವರು ತಲೆಯೆತ್ತಿದರು. “ನಮ್ಮಪ್ಪ ಬುದ್ಧನ ಫೋಟೊ ಹಾಕಿದ ದಿನ ಊರ ಮಂದಿ ನಮ್ಮ ಕೇರಿಗೆ ಬಂದು ನಮ್ಮನಿ ಮ್ಯಾಲ ಕಲ್ಲ ಒಗದ್ರು. ಅವ್ರೂ ಇದ ಮಾತ ಅಂದ್ರು. ಅವ್ರೂ ಹಿಂಗ ನಕ್ಕೋತನ ಒಗದ್ರು.”