ಹಿಮ್ಮುಖವಾಗಿ ಏರು ಹತ್ತಿದ ಫೋರ್ಡ್

ನಮ್ಮಪ್ಪ ಸಾಲೋಮನ, ಹೆಂಡತಿ ಮಕ್ಕಳಿಗಿಂತ ಹೆಚ್ಚು ಪ್ರೀತಿಸಿದ್ದು ತಾನು ಓಡಿಸುತ್ತಿದ್ದ ಬೀದರಿನ ಮಿಶನ್ ಆಸ್ಪತ್ರೆಯ ಕಾರನ್ನು. ಹೊಟ್ಟೆಕಿಚ್ಚಿನಿಂದಲೇ ಹೇಳುತ್ತಿದ್ದೇನೆ. ಅದು ಫೋರ್ಡ್ ಮಾಡೆಲ್ ಟಿ. ಅಮೆರಿಕದ ರೈತನ ಕೈಗೂ ಎಟುಕಲಿ ಎಂದು 1908ರಲ್ಲಿ ಶುರುಮಾಡಿ, ಒಂದೂವರೆ ಕೋಟಿ ಗಾಡಿ ಮಾಡಿ 1927ರಲ್ಲಿ ನಿಲ್ಲಿಸಿದರಂತೆ. ಅದಕ್ಕೆ ಪೆಟ್ರೋಲು ಎಳೆಯುವ ಪಂಪೇ ಇಲ್ಲ. ಸೀಟಿನ ಕೆಳಗಿನ ಟ್ಯಾಂಕಿನಿಂದ ಎಂಜಿನ್ನಿಗೆ ಪೆಟ್ರೋಲು ತಾನಾಗಿ ಇಳಿಯಬೇಕು. ಏರಿನಲ್ಲಿ ಮೂತಿ ಮೇಲಾದರೆ ಇಳಿಯುವುದೆಲ್ಲಿಂದ? ಟ್ಯಾಂಕು ಬರಿದಾಗುತ್ತ ಬಂದಾಗ ಡ್ರೈವರುಗಳು ಗಾಡಿ ತಿರುಗಿಸಿ, ಹಿಮ್ಮುಖವಾಗಿ ಏರು ಹತ್ತಿಸುತ್ತಿದ್ದರು.

1948ರ ಸೆಪ್ಟೆಂಬರ್. ನಿಜಾಮನ ಸಂಸ್ಥಾನವನ್ನು ಭಾರತಕ್ಕೆ ಸೇರಿಸಿದ ಪೊಲೀಸ್ ಕಾರ್ಯಾಚರಣೆ ಮುಗಿದು ವಾರವಾಗಿತ್ತು. ನಿಜಾಮನ ಪರ ಹೊಡೆದಾಡಿದ ರಜಾಕಾರರು ಮಾಡಿದ ಪಾಪಕ್ಕೆ ಏನೂ ಅರಿಯದ ಮುಸಲ್ಮಾನರನ್ನು ಹುಡುಕಿ ಹೊಡೆಯುತ್ತಿದ್ದ ಕೆಟ್ಟ ದಿನಗಳು. ಔರಾದಿನಲ್ಲಿ ಬದರುನ್ನಿಸಾ ಎಂಬ ಹೆಣ್ಣುಮಗಳಿಗೆ ಎರಡು ದಿನದಿಂದ ಹೆರಿಗೆ ನೋವು. ಗಂಡ ಎಲ್ಲಿ ಅಡಗಿದ್ದನೋ ಯಾರಿಗೂ ಗೊತ್ತಿಲ್ಲ. ಸುದ್ದಿ ಬಂದು ಅಪ್ಪ, ನರ್ಸಾಗಿದ್ದ ನಮ್ಮವ್ವ ದೊರ್ಕಾ ಇಬ್ಬರೂ ಹೋದರು. ಕೂಸು ಅಡ್ಡಲಾಗಿದೆ, ಸಂಜೆಯೊಳಗೆ ಬೀದರ ಮುಟ್ಟದಿದ್ದರೆ ಎರಡೂ ಜೀವ ಹೋಗುತ್ತವೆ ಎಂದಳು ಅವ್ವ. ಅಪ್ಪ ಹಿಂದಿನ ಸೀಟಿನ ಸುತ್ತ ದಪ್ಪ ಚಾದರ ಕಟ್ಟಿದ. ಪರ್ದಾದ ಮರ್ಯಾದೆಯೂ ಉಳಿಯಿತು, ದಾರಿಯವರ ಕಣ್ಣೂ ತಪ್ಪಿತು.

ಬೀದರಿನ ಏರಿನಲ್ಲಿ ಗಾಡಿ ಕೆಮ್ಮಿ ನಿಂತಿತು. ಪೆಟ್ರೋಲು ತಳ ಕಂಡಿತ್ತು. ಮೇಲೆ ತಿರುವಿನಲ್ಲಿ ಕೊಡಲಿ ಹಿಡಿದ ಏಳೆಂಟು ಜನ. ಹಿಮ್ಮುಖವಾಗಿಯೇ ಹತ್ತಬೇಕು; ಹತ್ತಲು ಹಿಂದಿನ ರಸ್ತೆ ಕಾಣಬೇಕು; ಚಾದರ ಅಡ್ಡ.

“ಬೀಬಿ, ಚಾದರ ತೆಗೀಬೇಕಾಗ್ತದರಿ,” ಎಂದ ಅಪ್ಪ. “ಇಲ್ಲಾಂದ್ರ ಗಾಡಿ ಏರಂಗಿಲ್ಲ.”

ಬದರುನ್ನಿಸಾ ತಾನೇ ಚಾದರ ಕಿತ್ತಳು. ಅವ್ವ ಅವಳ ಬುರ್ಕಾ ತೆಗೆದು, ತನ್ನ ಬಿಳಿ ಸೆರಗು ಹೊದಿಸಿದಳು.

ಬೆನ್ನು ಮುಂದು ಮಾಡಿಕೊಂಡು ಬರುವ ಕಾರು ಕಂಡು ಗುಂಪಿನಲ್ಲಿ ಒಬ್ಬಿಬ್ಬರು ನಕ್ಕರು. ಮುಂದಾಳು ಹಣಮಂತಪ್ಪ ನಗಲಿಲ್ಲ. ಕೊಡಲಿ ಅಡ್ಡ ಹಿಡಿದ.

“ಸಾಲೋಮನ, ಇಕಿ ಯಾರು?”

“ನನ್ನ ತಂಗಿರಿ.”

“ನೀ ಸುಳ್ಳು ಹೇಳಾಂವಲ್ಲ ಅಂತ ಊರಿಗೇ ಗೊತ್ತದ. ನಿನ್ನ ಬೈಬಲ್ ಮುಟ್ಟಿ ಹೇಳು.”

ಸುಳ್ಳಾಡಿದರೆ ನಮಗೆ ಊಟ ಹಾಕದ ಮನುಷ್ಯ ಅಪ್ಪ. ಜೇಬಿನಿಂದ ಬೈಬಲ್ ತೆಗೆದು ಕೈಯಿಟ್ಟ.

“ದೇವರಾಣಿ. ಖಾಸ ತಂಗಿ, ಒಡಹುಟ್ಟಿದಾಕಿ.”

ಕೊಡಲಿ ಸರಿಯಿತು. ತಾಯಿ, ಕೂಸು ಇಬ್ಬರೂ ಉಳಿದರು.

ಜೀವ ಉಳಿಸಿದ ಸುಳ್ಳನ್ನು ದೇವರು ಮನ್ನಿಸುತ್ತಾನೆ ಎಂದರು ಪಾದ್ರಿಗಳು. ಅಪ್ಪ ಒಪ್ಪಲಿಲ್ಲ. “ಆಣಿ ಮಾಡೀನ್ರಿ. ಅದು ಸುಳ್ಳಾಗಬಾರ್ದು.” ಮರುವರ್ಷ ರಮಜಾನ್ ಹಬ್ಬಕ್ಕೆ ಸೀರೆ, ಕುಬಸ, ಬಳೆ ಹಿಡಿದು ಔರಾದಿಗೆ ಹೋದ, ಅಣ್ಣಂದಿರು ತಂಗಿಗೆ ಒಯ್ಯುವ ಹಾಗೆ. ಮೂವತ್ತೊಂದು ವರ್ಷ ಒಮ್ಮೆಯೂ ತಪ್ಪಿಸಲಿಲ್ಲ. ಕಾರು ಗುಜರಿಗೆ ಹೋದ ಮೇಲೆ ಬಸ್ಸಿನಲ್ಲಿ ಹೋಗುತ್ತಿದ್ದ.

ಅಪ್ಪ ತೀರಿದ ದಿನ ಬುರ್ಕಾ ತೊಟ್ಟ ಮುದುಕಿಯೊಬ್ಬಳು ಹೆಣದ ತಲೆಯ ಬಳಿ ಬಂದು ಕೂತಳು. ಅದು ಮನೆಯವರ ಜಾಗ. ಹೊಸದಾಗಿ ಬಂದಿದ್ದ ಪಾದ್ರಿಗಳು, “ನೀವು ಯಾರಮ್ಮಾ?” ಎಂದರು.

“ಖಾಸ ತಂಗಿರಿ,” ಎಂದಳು ಬದರುನ್ನಿಸಾ ಅತ್ತಿ.